ನಿಮ್ಮ ಏರಿಯಾದಲ್ಲಿ ಒಂದು ಕ್ಲಾಸ್ ಮೀಟಿಂಗ್ ಶುರು ಮಾಡುವುದು ಹೇಗೆ

ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚ್ ಗೇಟ್ ಹತ್ತಿರ ಎಲ್ಲರೂ ಕೇಳುವುದು ಒಂದೇ ಮಾತು, "ಹೇಗಿದ್ದೀರಾ?" ಉತ್ತರವೂ ಒಂದೇ, "ದೇವರ ಕೃಪೆ, ಚೆನ್ನಾಗಿದ್ದೀವಿ." ಅಷ್ಟರಲ್ಲಿ ಒಬ್ಬರು ಹೆಲ್ಮೆಟ್ ಹಾಕಿಕೊಂಡಿರುತ್ತಾರೆ, ಇನ್ನೊಬ್ಬರು ಮಗುವಿನ ಚಪ್ಪಲಿ ಹುಡುಕುತ್ತಿರುತ್ತಾರೆ. ಆಮೇಲೆ ಆರು ದಿನ ಯಾರ ಮುಖವೂ ಯಾರಿಗೂ ಕಾಣುವುದಿಲ್ಲ.

ನಮ್ಮ ಸಭೆಯ ಒಬ್ಬ ಅಂಕಲ್ ಕೆಲಸ ಕಳೆದುಕೊಂಡಿದ್ದರು. ಅದು ನಮಗೆ ಗೊತ್ತಾಗಿದ್ದು ಐದು ತಿಂಗಳಾದ ಮೇಲೆ. ಪ್ರತಿ ವಾರ ನಮ್ಮ ಹಿಂದಿನ ಬೆಂಚಿನಲ್ಲೇ ಕೂರುತ್ತಿದ್ದವರು ಅವರು. ನನಗೆ ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ನಾವು ಆರು ಜನ ಸೇರಿ ಕ್ಲಾಸ್ ಮೀಟಿಂಗ್, ಅಂದರೆ ವಾರಕ್ಕೊಮ್ಮೆ ಮನೆಯಲ್ಲಿ ಸೇರುವ ಸಣ್ಣ ಗುಂಪು, ಶುರು ಮಾಡಿದ್ದು ಅದಾದ ಮೇಲೆ. ಮೂರು ವರ್ಷದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಬೀದಿಯಲ್ಲೂ ಒಂದು ಶುರುವಾಗಲಿ ಅನ್ನುವುದೇ ನನ್ನ ಆಸೆ.

ಮೊದಲು, ಇದು ಏನು ಅಂತ ತಿಳಿದುಕೊಳ್ಳಿ

ಇದು ಬೈಬಲ್ ಸ್ಟಡಿ ಅಲ್ಲ. ಮನೆಗಳಲ್ಲಿ ನಡೆಯುವ ಕಾಟೇಜ್ ಪ್ರೇಯರ್ ಕೂಡ ಅಲ್ಲ. ಅವೆರಡೂ ಒಳ್ಳೆಯವೇ, ನಡೆಯಲಿ. ಆದರೆ ಎರಡರಲ್ಲೂ ಒಬ್ಬರು ಮಾತಾಡುತ್ತಾರೆ, ಉಳಿದವರು ಕೇಳುತ್ತಾರೆ. ಕ್ಲಾಸ್ ಮೀಟಿಂಗ್‌ನಲ್ಲಿ ಪ್ರತಿಯೊಬ್ಬರೂ ತಮ್ಮ ಬದುಕಿನ ಬಗ್ಗೆ ಮಾತಾಡಬೇಕು. ಅಷ್ಟೇ ವ್ಯತ್ಯಾಸ, ಆದರೆ ಅದು ಸಣ್ಣ ವ್ಯತ್ಯಾಸ ಅಲ್ಲ.

ಇದು ಹುಟ್ಟಿದ್ದು ಒಂದು ಸಾಲದಿಂದ. 1742ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ, ಮೆಥಡಿಸ್ಟ್ ಚಳವಳಿ ಶುರು ಮಾಡಿದ ಪಾದ್ರಿ ಜಾನ್ ವೆಸ್ಲಿ ಮತ್ತು ಅಲ್ಲಿನ ಸಭೆಯವರು ಕಟ್ಟಡದ ಸಾಲ ತೀರಿಸುವುದು ಹೇಗೆ ಅಂತ ಮಾತಾಡಲು ಕೂತಿದ್ದರು. ಕ್ಯಾಪ್ಟನ್ ಫಾಯ್ ಅನ್ನುವವರು, ಎಲ್ಲರೂ ವಾರಕ್ಕೆ ಒಂದು ಪೆನ್ನಿ ಕೊಡೋಣ ಅಂದರು. ಬಡವರು ಎಲ್ಲಿಂದ ಕೊಡುತ್ತಾರೆ ಅಂತ ಯಾರೋ ಕೇಳಿದರು. ಹಾಗಾದರೆ ಅತಿ ಬಡವರಾದ ಹನ್ನೊಂದು ಜನರನ್ನು ನನಗೆ ವಹಿಸಿ, ವಾರವಾರ ಅವರ ಮನೆಗೆ ನಾನೇ ಹೋಗುತ್ತೇನೆ, ಅವರು ಕೊಡಲಾಗದಿದ್ದರೆ ನಾನೇ ಹಾಕುತ್ತೇನೆ ಅಂದರು ಫಾಯ್. ಉಳಿದವರೂ ಹಾಗೇ ಒಪ್ಪಿಕೊಂಡರು. ಕಾಸು ಕೇಳಲು ಮನೆಮನೆಗೆ ಹೋದವರ ಕಣ್ಣಿಗೆ ಮನೆಯೊಳಗಿನ ಬದುಕು ಬಿತ್ತು. ಕೆಲವರು ನಡೆಯಬೇಕಾದ ಹಾಗೆ ನಡೆಯುತ್ತಿರಲಿಲ್ಲ. ಇಷ್ಟು ದಿನ ಹುಡುಕುತ್ತಿದ್ದದ್ದು ಇದನ್ನೇ ಅಂತ ವೆಸ್ಲಿಗೆ ಆಗ ಅನಿಸಿತು.

ಆದರೆ ಮನೆಮನೆಗೆ ಹೋಗುವುದರಲ್ಲೂ ಕಷ್ಟಗಳಿದ್ದವು. ಸಮಯ ಸಾಲದು. ಕೆಲವರು ಬೇರೆಯವರ ಮನೆಯಲ್ಲಿ ಕೆಲಸಕ್ಕಿದ್ದರು, ಯಜಮಾನರು ಒಳಗೆ ಬಿಡುತ್ತಿರಲಿಲ್ಲ. ಬಿಟ್ಟರೂ ಒಬ್ಬರೇ ಕೂತು ಮಾತಾಡಲು ಜಾಗ ಸಿಗುತ್ತಿರಲಿಲ್ಲ. ಹಾಗಾಗಿ ಎಲ್ಲರೂ ವಾರಕ್ಕೊಮ್ಮೆ ಒಂದೇ ಕಡೆ ಸೇರುವುದು ಅಂತಾಯಿತು. ಪಿ.ಜಿ.ಯಲ್ಲಿರುವ ಹುಡುಗಿಯರನ್ನು, ಅಪಾರ್ಟ್‌ಮೆಂಟ್‌ನಲ್ಲಿ ಮನೆಕೆಲಸ ಮಾಡುವ ಅಕ್ಕಂದಿರನ್ನು ನೆನೆಸಿಕೊಳ್ಳಿ. ಗೇಟಿನ ಸೆಕ್ಯೂರಿಟಿಯವರು ನಮ್ಮ ಹೆಸರು, ಫೋನ್ ನಂಬರ್ ಬರೆಸಿಕೊಂಡು ಇಂಟರ್‌ಕಾಮ್‌ನಲ್ಲಿ ಕೇಳುವ ಹೊತ್ತಿಗೆ ಅರ್ಧ ಧೈರ್ಯ ಹೋಗಿರುತ್ತದೆ, ಅಲ್ವಾ?

ನಮ್ಮ ಬೆಂಗಳೂರಿಗೂ ಇದು ಹೊಸದಲ್ಲ. ಹಡ್ಸನ್ ಸರ್ಕಲ್‌ನ ಹಡ್ಸನ್ ಸ್ಮಾರಕ ದೇವಾಲಯವನ್ನು 1904ರಲ್ಲಿ ಕಟ್ಟಿದ್ದು ವೆಸ್ಲಿಯನ್ ಮಿಷನ್‌ನವರು. 1947ರ ಸೆಪ್ಟೆಂಬರ್ 27ರಂದು ವೆಸ್ಲಿಯನ್ನರ ಸಭೆಗಳು ಸಿ.ಎಸ್.ಐ.ನಲ್ಲಿ (ಚರ್ಚ್ ಆಫ್ ಸೌತ್ ಇಂಡಿಯಾ) ಸೇರಿದವು. ಹಾಗಾಗಿ ಇವತ್ತು ಸಿ.ಎಸ್.ಐ. ಅಂತ ಹೇಳಿಕೊಳ್ಳುವ ಎಷ್ಟೋ ಕನ್ನಡ ಕುಟುಂಬಗಳ ಬೇರು ಮೆಥಡಿಸ್ಟರಲ್ಲೇ ಇದೆ. ರಿಚ್ಮಂಡ್ ಟೌನ್ ಕಡೆಯ ಮೆಥಡಿಸ್ಟರದ್ದು ಬೇರೆ ದಾರಿ. ಅದು 1870ರ ದಶಕದಲ್ಲಿ ಇಲ್ಲಿ ಕೆಲಸ ಮಾಡಿದ ಅಮೆರಿಕದ ಮಿಷನರಿ ವಿಲಿಯಂ ಟೇಲರ್ ಕಾಲದ್ದು. ಅವರು ಬಾಂಬೆಯಲ್ಲಿ ಕೆಲಸ ಶುರು ಮಾಡಿದ್ದೇ ಮನೆಗಳಲ್ಲಿ ಸೇರುವ ಸಣ್ಣ ಗುಂಪುಗಳಿಂದ.

ಅಯ್ಯನವರಿಗೆ ಹೇಳಿ

ಇದನ್ನು ಬಿಡಬೇಡಿ. ಅಯ್ಯನವರಿಗೆ, ಅಂದರೆ ಸಭಾಪಾಲಕರಿಗೆ, ತಿಳಿಯದ ಹಾಗೆ ಮನೆಯಲ್ಲಿ ಗುಂಪು ಸೇರಿಸಿದರೆ, ಇವರು ಬೇರೆ ಸಭೆ ಕಟ್ಟುತ್ತಿದ್ದಾರೆ ಅನ್ನುವ ಮಾತು ಎರಡೇ ವಾರದಲ್ಲಿ ಹುಟ್ಟುತ್ತದೆ. ಹೋಗಿ ಕೂತು ಹೇಳಿ. ಯಾರ್‍ಯಾರು ಬರುತ್ತಾರೆ, ಎಲ್ಲಿ, ಎಷ್ಟು ಹೊತ್ತು ಅಂತ. ಅವರನ್ನು ನಡೆಸಿಕೊಡಿ ಅಂತ ಕೇಳಬೇಡಿ, ಪಾಪ, ಅವರಿಗೆ ಮದುವೆ, ಮಣ್ಣು, ಆಸ್ಪತ್ರೆ, ಕಮಿಟಿ ಎಲ್ಲಾ ಇದೆ. ನಡೆಸುವವರು ಸಭೆಯ ಜನವೇ ಆಗಿರಬೇಕು. ವೆಸ್ಲಿಯ ಕಾಲದಲ್ಲೂ ಕ್ಲಾಸ್ ಲೀಡರ್‌ಗಳು ಪಾದ್ರಿಗಳಾಗಿರಲಿಲ್ಲ, ವ್ಯಾಪಾರಿಗಳು, ಕೂಲಿಯವರು, ಅದರಲ್ಲೂ ಎಷ್ಟೋ ಜನ ಹೆಂಗಸರು. ಆದರೆ ವಾರಕ್ಕೊಮ್ಮೆ ಪಾದ್ರಿಯನ್ನು ಕಂಡು ಯಾರಿಗೆ ಹುಷಾರಿಲ್ಲ, ಯಾರು ದಾರಿ ತಪ್ಪುತ್ತಿದ್ದಾರೆ ಅಂತ ತಿಳಿಸುವುದು ಅವರ ಕರ್ತವ್ಯವಾಗಿತ್ತು. ನಾನು ಭಾನುವಾರ ಆರಾಧನೆಗೆ ಮುಂಚೆ ಐದು ನಿಮಿಷ ಅಯ್ಯನವರ ಹತ್ತಿರ ಹೋಗುತ್ತೇನೆ. ಇಂಥವರ ಮನೆಗೆ ಈ ವಾರ ಹೋಗಿ ಬನ್ನಿ ಅಂತಷ್ಟೇ ಹೇಳುತ್ತೇನೆ. ಒಳಗಿನ ಮಾತು ಹೇಳುವುದಿಲ್ಲ.

ಯಾರನ್ನು ಕರೆಯಬೇಕು

ಐದಾರು ಜನರಿಂದ ಶುರು ಮಾಡಿ, ಹನ್ನೆರಡು ದಾಟಬೇಡಿ. ಹದಿನೈದಾದರೆ ಮಾತಾಡದೇ ಸುಮ್ನೆ ಕೂತು ಹೋಗುವವರು ಇಬ್ಬರು ಮೂವರು ಇದ್ದೇ ಇರುತ್ತಾರೆ, ಮತ್ತು ಯಾರಿಗೆ ಮಾತು ಬೇಕಿತ್ತೋ ಅವರೇ ಹಾಗೆ ಕೂರುವುದು.

ನಡೆದು ಬರಬಹುದಾದ ದೂರದವರನ್ನೇ ಕರೆಯಿರಿ, ತಪ್ಪಿದರೆ ಒಂದೇ ಬಸ್ಸು. ಕೆಂಗೇರಿಯವರು ಲಿಂಗರಾಜಪುರಕ್ಕೆ ವಾರವಾರ ಸಂಜೆ ಬರುತ್ತಾರೆ ಅಂದುಕೊಂಡರೆ ಮೂರನೇ ವಾರಕ್ಕೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿಗಿಂತ ಜಾಸ್ತಿ ಬೇಜಾರಾಗುತ್ತದೆ. ನಾವು ಹಾಗೇ ಇಬ್ಬರನ್ನು ಕಳೆದುಕೊಂಡೆವು.

ನಿಮ್ಮ ಅಕ್ಕ, ಭಾವ, ಚಿಕ್ಕಮ್ಮನ ಮಗಳು ಅಂತ ನೆಂಟರನ್ನೇ ಸೇರಿಸಬೇಡಿ. ಫಾಯ್ ಆರಿಸಿಕೊಂಡಿದ್ದು ಅತಿ ಬಡವರಾದ ಹನ್ನೊಂದು ಜನರನ್ನು. ಕೊನೇ ಬೆಂಚಿನವರು, ಮೊನ್ನೆ ಮೊನ್ನೆ ದೀಕ್ಷಾಸ್ನಾನ ತೆಗೆದುಕೊಂಡವರು, ಊರಿಂದ ಹೊಸದಾಗಿ ಬಂದ ಹುಡುಗರು, ಗಂಡ ತೀರಿಕೊಂಡ ಮೇಲೆ ಭಾನುವಾರ ಮಾತ್ರ ಹೊರಗೆ ಬರುವ ಆಂಟಿ. ಇವರ ಹೆಸರು ಮೊದಲು ಬರೆಯಿರಿ. ಮನೆಯಲ್ಲಿ ತಮಿಳು ಅಥವಾ ತೆಲುಗು ಮಾತಾಡುವವರಿದ್ದರೂ ಪರವಾಗಿಲ್ಲ, ಕಷ್ಟ ಹೇಳುವಾಗ ಅವರ ಮಾತಿನಲ್ಲೇ ಹೇಳಲು ಬಿಡಿ. ಅರ್ಥವಾಗದವರಿಗೆ ಪಕ್ಕದವರು ಹೇಳುತ್ತಾರೆ, ಇದು ಬೆಂಗಳೂರು.

ಜಾಗ, ದಿನ, ಟೀ

ದಿನ ಒಂದೇ ಇರಲಿ, ಬದಲಾಯಿಸಬೇಡಿ. ನಮ್ಮದು ಗುರುವಾರ ರಾತ್ರಿ ಏಳೂವರೆ. ಏಳೂವರೆ ಅಂದರೆ ಏಳೂವರೆ, ಮುಗಿಯುವುದು ಎಂಟು ಮುಕ್ಕಾಲು. ಬಾಡಿಗೆ ಮನೆಯಾದರೆ ಓನರ್‌ಗೆ ಮೊದಲೇ ಹೇಳಿ, ಗಾಡಿಗಳನ್ನು ಪಕ್ಕದವರ ಗೇಟಿಗೆ ಅಡ್ಡ ನಿಲ್ಲಿಸಬೇಡಿ, ಹಾಡು ಒಂದೇ, ಮೆಲ್ಲಗೆ. ಮೈಕ್ ಯಾಕೆ ಬೇಕು ಎಂಟು ಜನಕ್ಕೆ?

ಟೀ ಮಾತ್ರ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ಮೊದಲ ಮನೆಯವರು ಬಿರಿಯಾನಿ ಮಾಡಿದರೆ ಎರಡನೇ ಮನೆಯವರು ಕಡಿಮೆ ಮಾಡಲಾಗುವುದಿಲ್ಲ, ಮೂರನೇ ಮನೆಯವರು ನಮ್ಮ ಮನೆ ಚಿಕ್ಕದು ಅಂತ ನೆಪ ಹೇಳುತ್ತಾರೆ. ಟೀ ಆದರೆ ಒಂದೇ ರೂಮಿನ ಮನೆಯಲ್ಲೂ ಸೇರಬಹುದು.

ಆ ಒಂದು ಪ್ರಶ್ನೆ

ಒಂದು ಹಾಡು, ಚಿಕ್ಕ ಪ್ರಾರ್ಥನೆ, ಸತ್ಯವೇದದಿಂದ ನಾಲ್ಕೈದು ವಚನ. ಯಾಕೋಬನ ಪತ್ರಿಕೆಯ 5ನೇ ಅಧ್ಯಾಯದ 16ನೇ ವಚನದಿಂದ ಶುರು ಮಾಡಿ, ಒಬ್ಬರಿಗೊಬ್ಬರು ತಪ್ಪು ಒಪ್ಪಿಕೊಂಡು ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿ ಅನ್ನುವ ಮಾತು ಅಲ್ಲಿದೆ. ವಿವರಣೆ ಕೊಡಬೇಡಿ. ಇಷ್ಟಕ್ಕೆ ಹತ್ತು ನಿಮಿಷ ಸಾಕು. ಉಳಿದ ಹೊತ್ತೆಲ್ಲಾ ಪ್ರಶ್ನೆಗೆ.

ಮೆಥಡಿಸ್ಟರ ಹಳೇ ಪ್ರಶ್ನೆ, ನಿಮ್ಮ ಆತ್ಮ ಹೇಗಿದೆ ಅನ್ನುವುದು. ನಮ್ಮಲ್ಲಿ ಹಾಗೇ ಕೇಳಿದಾಗ ಮೊದಲ ದಿನ ಯಾರಿಗೂ ಏನು ಹೇಳಬೇಕು ಅಂತ ತೋಚಲಿಲ್ಲ. ಆತ್ಮ ಅಂದ ಕೂಡಲೇ ಎಲ್ಲರೂ ಪ್ರಾರ್ಥನೆಯ ಕನ್ನಡಕ್ಕೆ ಹೋಗಿಬಿಟ್ಟರು, ಕರ್ತರು ನಡೆಸುತ್ತಿದ್ದಾರೆ, ಸ್ತೋತ್ರ, ಅಂತ. ಎರಡನೇ ತಿಂಗಳಲ್ಲಿ ಪ್ರಶ್ನೆ ಬದಲಾಯಿಸಿದೆವು. "ಈ ವಾರ ದೇವರ ಜೊತೆ ಹೇಗಿದ್ದಿರಿ?" ಹುಡುಗರಿಗಾದರೆ "ಹೇಗಿದ್ದೆಯಪ್ಪಾ?" ಆಗ ಮಾತು ಅಡುಗೆಮನೆಗೆ, ಆಫೀಸಿಗೆ, ಬಸ್ ಸ್ಟಾಪಿಗೆ ಬಂತು.

ಲೀಡರ್ ಮೊದಲು ಉತ್ತರ ಕೊಡಬೇಕು, ನಿಜ ಹೇಳಬೇಕು. ನಾನು ಆ ವಾರ ಹೆಂಡತಿಯ ಜೊತೆ ನಾಲ್ಕು ದಿನ ಮಾತು ಬಿಟ್ಟಿದ್ದೆ. ಅದನ್ನೇ ಹೇಳಿದೆ, ಅವಳೂ ಅಲ್ಲೇ ಕೂತಿದ್ದಳು. ಲೀಡರ್ ಎಷ್ಟು ಆಳಕ್ಕೆ ಇಳಿಯುತ್ತಾರೋ ಉಳಿದವರು ಅಷ್ಟೇ ಇಳಿಯುತ್ತಾರೆ, ಒಂದು ಮೆಟ್ಟಿಲೂ ಜಾಸ್ತಿ ಇಲ್ಲ.

ಆಮೇಲೆ ವರಸೆಯಾಗಿ ಒಬ್ಬೊಬ್ಬರೇ. ಈ ವಾರ ಬೇಡ ಅಂದರೆ ಬಿಡಿ, ಒತ್ತಾಯ ಮಾಡಬೇಡಿ, ಮುಂದಿನ ವಾರ ಮತ್ತೆ ಕೇಳಿ. ಯಾರಾದರೂ ಹೇಳುವಾಗ ಮಧ್ಯೆ ಬಾಯಿ ಹಾಕಬಾರದು. ಬುದ್ಧಿ ಹೇಳಬಾರದು. ನನ್ನ ತಮ್ಮನಿಗೂ ಹೀಗೇ ಆಗಿತ್ತು ಅಂತ ಶುರು ಮಾಡಬಾರದು. ಇದು ನಮ್ಮ ಜನಕ್ಕೆ ತುಂಬಾ ಕಷ್ಟ, ಪ್ರೀತಿಯಿಂದಲೇ ಸಲಹೆ ಕೊಡುತ್ತೇವೆ, ಆದರೆ ಸಲಹೆ ಬಂದ ಕೂಡಲೇ ಹೇಳುತ್ತಿದ್ದವರ ಬಾಯಿ ಮುಚ್ಚಿಹೋಗುತ್ತದೆ.

ಮೊದಲು ಹೇಳಿದೆನಲ್ಲಾ, ಕೆಲಸ ಕಳೆದುಕೊಂಡ ಅಂಕಲ್, ಅವರು ಮೂರು ವಾರ "ಚೆನ್ನಾಗಿದ್ದೀನಿ" ಅಂದರು. ನಾಲ್ಕನೇ ವಾರ ಅವರ ಸರದಿ ಬಂದಾಗ ಏನೂ ಹೇಳಲಿಲ್ಲ. ಕೈಯಲ್ಲಿ ಸ್ಟೀಲ್ ಲೋಟ ಇತ್ತು, ಟೀ ಮೇಲೆ ಕೆನೆ ಕಟ್ಟಿತ್ತು. ಬೆರಳಿನಿಂದ ಆ ಕೆನೆಯನ್ನು ಲೋಟದ ಅಂಚಿಗೆ ಸರಿಸುತ್ತಾ ಕೂತರು. ಯಾರೋ ಸುಮ್ಮನಿರಲಾರದೆ ಹಾಡು ಹೇಳೋಣವಾ ಅಂದರು, ನಾನು ಕೈ ಸನ್ನೆ ಮಾಡಿ ಬೇಡ ಅಂದೆ. ಎರಡು ನಿಮಿಷ ಆಗಿರಬಹುದು. ಆಮೇಲೆ, "ಐದು ತಿಂಗಳು ಬೆಳಿಗ್ಗೆ ಊಟದ ಡಬ್ಬಿ ತಗೊಂಡು ಮನೆಯಿಂದ ಹೊರಡ್ತಿದ್ದೆ, ಕಬ್ಬನ್ ಪಾರ್ಕಲ್ಲಿ ಕೂತ್ಕೊಂಡು ತಿಂದು ಸಂಜೆ ವಾಪಸ್ ಬರ್ತಿದ್ದೆ, ಪ್ರಾರ್ಥನೆ ಮಾಡೋಕೂ ನಾಚಿಕೆ ಆಗ್ತಿತ್ತು" ಅಂದರು. ಕೆಲಸ ಹೋದ ಸುದ್ದಿ ನಮಗೆ ಆಗಲೇ ಗೊತ್ತಿತ್ತು. ಪಾರ್ಕಿನ ವಿಷಯ ಅವರ ಹೆಂಡತಿಗೂ ಗೊತ್ತಿರಲಿಲ್ಲ. ಆವತ್ತು ಉಳಿದ ಯಾರ ಸರದಿಯೂ ಬರಲಿಲ್ಲ. ಅವರಿಗಾಗಿ ಪ್ರಾರ್ಥನೆ ಮಾಡಿ ಎದ್ದೆವು.

ಮೌನಕ್ಕೆ ಹೆದರಬೇಡಿ ಅಂತ ಹೇಳಲು ಇದನ್ನು ಬರೆದೆ.

ಮಾತು ಎಲ್ಲೆಲ್ಲೋ ಹೋದರೆ ಹಿಡಿದುಕೊಳ್ಳಲು ವೆಸ್ಲಿ 1743ರಲ್ಲಿ ಬರೆದ ಮೂರು ನಿಯಮಗಳಿವೆ. ಕೇಡು ಮಾಡಬೇಡಿ, ಆದಷ್ಟು ಒಳ್ಳೆಯದು ಮಾಡಿ, ದೇವರು ಕೊಟ್ಟ ಕೃಪೆಯ ಸಾಧನಗಳನ್ನು ಬಿಡಬೇಡಿ. ಕೃಪೆಯ ಸಾಧನ ಅಂದರೆ ಪ್ರಾರ್ಥನೆ, ವಾಕ್ಯ, ಕರ್ತರ ಭೋಜನ, ಉಪವಾಸ ಇಂಥವು. ಮೊದಲ ನಿಯಮದ ಕೆಳಗೆ ಅವರು ಕೊಟ್ಟ ಪಟ್ಟಿ ಓದಿದರೆ ನಮ್ಮ ಬೀದಿ ನೋಡಿಯೇ ಬರೆದ ಹಾಗಿದೆ. ಜಗಳ, ಇನ್ನೊಬ್ಬರ ಬಗ್ಗೆ ಕೆಟ್ಟ ಮಾತು, ಸುಂಕ ಕಟ್ಟದ ಮಾಲು ಕೊಳ್ಳುವುದು, ತೀರಿಸುವ ದಾರಿ ಇಲ್ಲದೆ ಸಾಲ ಮಾಡುವುದು. ಬಿಲ್ ಇಲ್ಲದೆ ಕೊಟ್ಟರೆ ಕಡಿಮೆ ಆಗುತ್ತಾ ಅಂತ ಅಂಗಡಿಯಲ್ಲಿ ಕೇಳಿದ್ದನ್ನು ನಮ್ಮ ಗುಂಪಿನ ಒಬ್ಬರು ತಾವಾಗಿಯೇ ಹೇಳಿದರು. ಸಣ್ಣದು ಅನ್ನಿಸಬಹುದು. ಶಿಷ್ಯತ್ವ ಇಂಥ ಕಡೆಯೇ ಗೊತ್ತಾಗುವುದು.

ಇಲ್ಲಿ ಕೇಳಿದ್ದು ಇಲ್ಲೇ

ನಮ್ಮಲ್ಲಿ ಒಂದು ತಪ್ಪಾಯಿತು. ಒಬ್ಬ ತಂಗಿ ತನ್ನ ಮದುವೆ ಮಾತು ಮುರಿದದ್ದನ್ನು ಅಳುತ್ತಾ ಹೇಳಿದಳು. ಮಾರನೇ ದಿನ ಅದು ಪ್ರಾರ್ಥನೆಯ ವಿಷಯ ಅಂತ ಹೆಸರಿನ ಸಮೇತ ಒಂದು ವಾಟ್ಸಾಪ್ ಗ್ರೂಪಿನಲ್ಲಿತ್ತು. ಹಾಕಿದವರದ್ದು ಒಳ್ಳೆಯ ಮನಸ್ಸೇ, ಪ್ರಾರ್ಥನೆ ಮಾಡಲಿ ಅಂತ. ಆದರೆ ಆ ಹುಡುಗಿ ಮತ್ತೆ ಬರಲಿಲ್ಲ. ನಾನು ಎರಡು ಸಲ ಹೋಗಿ ಕ್ಷಮೆ ಕೇಳಿದೆ. ಈಗ ಪ್ರತಿ ವಾರ ಮೊದಲಿಗೆ ಗಟ್ಟಿಯಾಗಿ ಹೇಳುತ್ತೇವೆ, ಇಲ್ಲಿ ಕೇಳಿದ್ದು ಇಲ್ಲೇ, ಗಂಡ ಹೆಂಡತಿಗೂ ಬೇಡ, ಫೋನ್ ಬ್ಯಾಗಿನಲ್ಲಿ. ನಮ್ಮ ವಾಟ್ಸಾಪ್ ಗ್ರೂಪ್ ಇವತ್ತು ಯಾರ ಮನೆ ಅಂತ ತಿಳಿಸಲು ಮಾತ್ರ.

ಗುಟ್ಟಿಗೂ ಒಂದು ಗಡಿ ಇದೆ, ಅದನ್ನೂ ಮೊದಲೇ ಹೇಳಿಬಿಡಿ. ಮಗುವಿಗೆ ಯಾರಾದರೂ ತೊಂದರೆ ಕೊಡುತ್ತಿದ್ದರೆ, ಮನೆಯಲ್ಲಿ ಹೊಡೆತ ನಡೆಯುತ್ತಿದ್ದರೆ, ಸಾಯುವ ಮಾತು ಬಂದರೆ, ಪ್ರಾರ್ಥನೆ ಮಾಡಿ ಕಳಿಸಿಬಿಡಬಾರದು. ಮಕ್ಕಳಿಗೆ 1098, ಹೆಂಗಸರಿಗೆ 181, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416. ಕೊನೆಯದಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕಾಸು ಬೇಡ, ಕನ್ನಡದಲ್ಲೂ ಮಾತಾಡುತ್ತಾರೆ. ನಿಮ್ಹಾನ್ಸ್ ನಮ್ಮೂರಲ್ಲೇ ಇದೆ, ಜೊತೆಗೆ ಹೋಗಿ. ಮಾತ್ರೆ ತೆಗೆದುಕೊಳ್ಳುವವರಿಗೆ ನಂಬಿಕೆ ಕಡಿಮೆ ಅನ್ನುವ ಮಾತು ನಿಮ್ಮ ಗುಂಪಿನಲ್ಲಿ ಯಾರ ಬಾಯಿಂದಲೂ ಬರದಂತೆ ನೋಡಿಕೊಳ್ಳಿ.

ಕೆಲವು ವಿಷಯ ಗಂಡಸರು ಹೆಂಗಸರು ಒಟ್ಟಿಗೆ ಕೂತಾಗ ಹೇಳಲಾಗುವುದಿಲ್ಲ. ವೆಸ್ಲಿಯ ಸಭೆಗಳಲ್ಲಿ ಅದಕ್ಕೇ ಬ್ಯಾಂಡ್ ಅಂತ ಇನ್ನೂ ಚಿಕ್ಕ ಗುಂಪುಗಳಿದ್ದವು, ಗಂಡಸರದ್ದು ಬೇರೆ, ಹೆಂಗಸರದ್ದು ಬೇರೆ. ಕುಡಿತ, ಫೋನಿನಲ್ಲಿ ನೋಡಬಾರದ್ದನ್ನು ನೋಡುವುದು, ಇಂಥದ್ದಕ್ಕೆ ಇಬ್ಬರು ಮೂವರು ಬೇರೆಯಾಗಿ ಸೇರಲಿ. ಶನಿವಾರ ಬೆಳಿಗ್ಗೆ ವಾಕಿಂಗ್ ಹೋಗುತ್ತಾ ಮಾತಾಡಿದರೂ ಆಯಿತು.

ಬರದವರ ಮನೆಗೆ ಹೋಗಿ

ನನ್ನ ಪ್ರಕಾರ ಲೀಡರ್‌ನ ನಿಜವಾದ ಕೆಲಸ ಇದು, ಗುರುವಾರದ ಕೆಲಸ ಇದರ ಅರ್ಧವೂ ಅಲ್ಲ. ಒಂದು ನೋಟ್‌ಬುಕ್ ಇಡಿ. ಹೆಸರು, ಬಂದರಾ ಇಲ್ಲವಾ, ಅಷ್ಟೇ. ಯಾರು ಬರಲಿಲ್ಲವೋ ಅವರನ್ನು ಭಾನುವಾರದೊಳಗೆ ಹೋಗಿ ನೋಡಿ. ಮೆಸೇಜ್ ಬೇಡ. ಫೋನ್ ಮಾಡಿ ಬರಲಾ ಅಂತ ಕೇಳಿ, ಹೋಗಿ. ಯಾಕೆ ಬರಲಿಲ್ಲ ಅಂತ ಕೇಳಬೇಡಿ, ನೆನಪಾಯಿತು, ಬಂದೆ ಅನ್ನಿ. ಇಪ್ಪತ್ತು ನಿಮಿಷ ಸಾಕು. ಟಿ.ವಿ. ಓಡುತ್ತಿದ್ದರೆ ಓಡಲಿ. ಪ್ರಾರ್ಥನೆ ಮಾಡಲಾ ಅಂತ ಕೇಳಿ ಮಾಡಿ, ಚಿಕ್ಕದಾಗಿ, ಅವರ ಮನೆಯವರ ಹೆಸರು ಹೇಳಿ.

ಆಸ್ಪತ್ರೆಗೆ ಹೋದರೆ ರೋಗಿಯ ಜೊತೆ ಐದು ನಿಮಿಷ, ಅವರನ್ನು ನೋಡಿಕೊಳ್ಳುವ ಮನೆಯವರ ಜೊತೆ ಹದಿನೈದು. ರಾತ್ರಿಯೆಲ್ಲಾ ಕುರ್ಚಿಯಲ್ಲಿ ಕೂತಿರುವವರು ಅವರು. ನೀವು ಸ್ನಾನ ಮಾಡಿ ಬನ್ನಿ, ಅಲ್ಲಿವರೆಗೂ ನಾನು ಇರುತ್ತೇನೆ ಅನ್ನಿ. ಹಣ್ಣು ತರುವವರು ಬೇಕಾದಷ್ಟು ಜನ ಇರುತ್ತಾರೆ, ಫೋನ್ ಚಾರ್ಜರ್ ತರುವವರು ಇರುವುದಿಲ್ಲ.

ವೆಸ್ಲಿಯ ತಾಯಿ ಸುಸಾನಾ ಮನೆ ತುಂಬಾ ಮಕ್ಕಳಿದ್ದರೂ ಒಂದೊಂದು ಸಂಜೆ ಒಬ್ಬೊಬ್ಬರ ಜೊತೆ ಕೂತು ಮಾತಾಡುತ್ತಿದ್ದರು. ಜಾನ್‌ನ ಸರದಿ ಗುರುವಾರ. ದೊಡ್ಡವನಾದ ಮೇಲೂ ಆ ಗುರುವಾರದ ಹೊತ್ತನ್ನು ನೆನೆದು ಅವರು ತಾಯಿಗೆ ಕಾಗದ ಬರೆದಿದ್ದರು. ನಾವು ಗುರುವಾರ ಆರಿಸಿಕೊಂಡಿದ್ದು ಅದಕ್ಕೇ.

ಡಬ್ಬಿ

ಒಂದು ಡಬ್ಬಿ ಇಡಿ, ಎಲ್ಲರೂ ಹತ್ತು ರೂಪಾಯಿ. ಇಲ್ಲದವರದ್ದನ್ನು ಲೀಡರ್ ಸದ್ದಿಲ್ಲದೆ ಹಾಕಲಿ, ಫಾಯ್ ಮಾಡಿದ ಹಾಗೆ. ಲೆಕ್ಕ ಬರೆಯುವವರು ಲೀಡರ್ ಆಗಿರಬಾರದು. ದುಡ್ಡು ಗುಂಪಿನ ಖರ್ಚಿಗಲ್ಲ, ಯಾರ ಕಷ್ಟಕ್ಕೆ ಕೊಡಬೇಕು ಅಂತ ತಿಂಗಳಿಗೊಮ್ಮೆ ಒಟ್ಟಿಗೆ ತೀರ್ಮಾನ ಮಾಡಿ. ಗುಂಪಿನೊಳಗೆ ಚೀಟಿ ಹಾಕುವುದು, ಕೈಸಾಲ, ಇನ್ಶೂರೆನ್ಸ್ ಮಾರುವುದು, ಸೈಟಿನ ವ್ಯವಹಾರ, ಯಾವುದೂ ಬೇಡ. ಒಂದು ಚೀಟಿ ಮುಳುಗಿದರೆ ಹನ್ನೆರಡು ಜನರ ಪ್ರಾರ್ಥನೆ ಅದರ ಜೊತೆ ಮುಳುಗುತ್ತದೆ.

ತಿಂಗಳಿಗೆ ಒಂದು ಸಲ ಕೂರುವ ಬದಲು ಒಟ್ಟಿಗೆ ಹೊರಗೆ ಹೋಗಿ. ಆಕ್ಸ್‌ಫರ್ಡ್‌ನಲ್ಲಿ ವೆಸ್ಲಿಯ ಗೆಳೆಯರು 1730ರಲ್ಲೇ ಜೈಲಿಗೆ ಹೋಗಿ ಕೈದಿಗಳನ್ನು ನೋಡುತ್ತಿದ್ದರು. ರೋಗಿಗಳನ್ನು ನೋಡಲು ಹೋಗುವುದೂ ಪ್ರಾರ್ಥನೆಯ ಹಾಗೇ ಕೃಪೆಯ ಸಾಧನ ಅನ್ನುವುದು ವೆಸ್ಲಿ ಕಲಿಸಿದ ಪಾಠ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೊರ ಜಿಲ್ಲೆಗಳಿಂದ ಬಂದವರಿಗೆ ಯಾವ ಕೌಂಟರ್ ಎಲ್ಲಿ ಅಂತ ತೋರಿಸುವುದೇ ದೊಡ್ಡ ಸಹಾಯ. ಅಲ್ಲಿ ಕರಪತ್ರ ಹಂಚಬೇಡಿ, ದಾರಿ ತೋರಿಸಿ, ಫಾರಂ ಬರೆದುಕೊಡಿ.

ಮೂರು ತಿಂಗಳಿಗೊಮ್ಮೆ

ಹಿಂದೆ ಮೂರು ತಿಂಗಳಿಗೊಮ್ಮೆ ಪ್ರತಿ ಸದಸ್ಯರನ್ನು ಮಾತಾಡಿಸಿ ಕ್ಲಾಸ್ ಟಿಕೆಟ್ ಅಂತ ಒಂದು ಚೀಟಿ ಕೊಡುತ್ತಿದ್ದರು. ನಾವು ಟಿಕೆಟ್ ಕೊಡುವುದಿಲ್ಲ, ಆದರೆ ಮೂರು ತಿಂಗಳಿಗೊಮ್ಮೆ ಅಯ್ಯನವರನ್ನು ಕರೆಯುತ್ತೇವೆ. ಆವತ್ತು ಅವರು ಒಬ್ಬೊಬ್ಬರನ್ನೇ ಪಕ್ಕದ ರೂಮಿನಲ್ಲಿ ಹತ್ತು ನಿಮಿಷ ಮಾತಾಡಿಸುತ್ತಾರೆ. ಲೀಡರ್ ಬಗ್ಗೆ ಏನಾದರೂ ಹೇಳುವುದಿದ್ದರೆ ಅಲ್ಲಿ ಹೇಳಬಹುದು. ನಾನು ಜಾಸ್ತಿ ಮಾತಾಡುತ್ತೇನೆ ಅಂತ ನನಗೆ ಗೊತ್ತಾಗಿದ್ದು ಹಾಗೇ.

ಹೊಸ ವರ್ಷದ ಮೊದಲ ಗುರುವಾರ ಒಡಂಬಡಿಕೆಯ ಪ್ರಾರ್ಥನೆ, ಅಂದರೆ ನಮ್ಮನ್ನು ಮತ್ತೆ ದೇವರಿಗೆ ಒಪ್ಪಿಸಿಕೊಡುವ ಪ್ರಾರ್ಥನೆ, ಇಟ್ಟುಕೊಳ್ಳಿ. 1755ರಲ್ಲಿ ವೆಸ್ಲಿ ಇದನ್ನು ಲಂಡನ್ನಿನಲ್ಲಿ ಶುರು ಮಾಡಿದರು. ಡಿಸೆಂಬರ್ 31ರ ರಾತ್ರಿ ಆರಾಧನೆಗೆ ನಮ್ಮೂರಿನ ಚರ್ಚುಗಳು ತುಂಬಿ ಹೊರಗೆ ಶಾಮಿಯಾನ ಹಾಕುತ್ತಾರಲ್ಲ, ಆವತ್ತು ಕೊಟ್ಟ ಮಾತನ್ನು ಹನ್ನೆರಡು ಜನರ ಮುಂದೆ ಹೆಸರು ಹಿಡಿದು ಹೇಳಲು ಇದೇ ಜಾಗ.

ಹದಿಮೂರನೆಯವರು ಬಂದ ದಿನ ಗುಂಪನ್ನು ಎರಡು ಮಾಡುವ ಮಾತು ಎತ್ತಿ. ಬೇಜಾರಾಗುತ್ತದೆ, ಅಳುವವರೂ ಇರುತ್ತಾರೆ. ಹೊಸ ಲೀಡರ್ ಯಾರು ಅಂತ ಅಯ್ಯನವರ ಜೊತೆ ಕೂತು ತೀರ್ಮಾನ ಮಾಡಿ, ಚೆನ್ನಾಗಿ ಮಾತಾಡುವವರನ್ನಲ್ಲ, ಬರದವರ ಮನೆಗೆ ಹೋಗುವವರನ್ನು ಹುಡುಕಿ. ಎರಡು ತಿಂಗಳು ಅವರು ನಿಮ್ಮ ಪಕ್ಕದಲ್ಲಿ ಕೂತು ಪ್ರಶ್ನೆ ಕೇಳಲಿ, ನೀವು ಸುಮ್ಮನಿರಿ. ಆಮೇಲೆ ನಾಲ್ಕೈದು ಜನ ಅವರ ಜೊತೆ ಹೊರಡಲಿ. ಡಬ್ಬಿಯ ದುಡ್ಡನ್ನು ಎಣಿಸಿ ಎರಡು ಪಾಲು ಮಾಡಿ. ಹೊಸ ನೋಟ್‌ಬುಕ್ ಒಂದು ತಂದು, ಮೊದಲ ಪುಟದಲ್ಲಿ ಅವರ ಹೆಸರುಗಳನ್ನು ನೀವೇ ಬರೆದುಕೊಡಿ.